‘ಮನೆ’ ಎಂಬ ಹೆಸರಿನ ಹಿಂದೆ ಹೋದ ಮಳೆಗಾಲ

ನೆನೆದ ರಟ್ಟಿಗೆ ಒಂದು ವಾಸನೆಯಿದೆ. ಹೊಸ ಮಳೆಯ ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ, ರಟ್ಟಿನ ವಾಸನೆಯ ಬಗ್ಗೆ ಯಾರೂ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಹಳೆಯ ಗೋಂದು, ಒದ್ದೆ ಗೋಣಿಚೀಲ, ಅದರ ಮೇಲೆ ಒಂದಿಷ್ಟು ಡೀಸೆಲ್ ಹೊಗೆ. ನಾನು ದಿನಾ ಹೋಗುವ ದಾರಿಯಲ್ಲಿ ಪೈಪು ಹಾಕಲು ಅಗೆದಿದ್ದರಿಂದ ಹೋದ ವಾರ, ತುಂಬಾ ದಿನಗಳ ಮೇಲೆ, ಗೋಡೌನುಗಳ ಹಿಂದಿನ ರಸ್ತೆಯಲ್ಲಿ ನಡೆದು ಬರಬೇಕಾಯಿತು. ಮಳೆ ಆಗಷ್ಟೇ ನಿಂತಿತ್ತು. ಗೇಟಿನ ಪಕ್ಕ ಹರಿದ ಪೆಟ್ಟಿಗೆಗಳ ರಾಶಿ ನೆನೆದು ಕುಸಿದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಲೋಕೇಶಣ್ಣ ನೆನಪಾದರು. ವರ್ಷ ಕಳೆದ ಹಾಗೆ ಕೋಪ ತಣ್ಣಗಾಗುತ್ತದೆ ಎನ್ನುವವರು ಯಾರ ಕೋಪದ ಬಗ್ಗೆ ಹೇಳುತ್ತಾರೋ ನನಗೆ ಗೊತ್ತಿಲ್ಲ. ನನ್ನದು ಹಾಗೇ ಇದೆ.

ಆಗ ನಾನು ಅರಿಶಿನಕುಂಟೆಯ ಆ ಗೋಡೌನಿನ ಮಹಡಿ ಮೇಲಿನ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಸೋಪು, ಬಿಸ್ಕತ್ತು, ಅಡುಗೆ ಎಣ್ಣೆ ಎಲ್ಲವೂ ದೊಡ್ಡ ಲಾರಿಗಳಲ್ಲಿ ಬಂದು ಅಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಸಣ್ಣ ಟೆಂಪೊಗಳಲ್ಲಿ ಅಂಗಡಿ ಅಂಗಡಿಗೆ ಹೋಗುತ್ತಿದ್ದವು. ಯಾವ ಟೆಂಪೊಗೆ ಯಾವ ಲೋಡು ಎಂದು ತೀರ್ಮಾನಿಸುತ್ತಿದ್ದದ್ದು ಒಂದು ವೆಬ್ ಅಪ್ಲಿಕೇಶನ್. ಡ್ರೈವರು ಬೆಳಿಗ್ಗೆ ಬಂದು ಮೊಬೈಲಿನಲ್ಲಿ ಅದರ ಪುಟ ತೆರೆದು ‘ಬಂದಿದ್ದೇನೆ’ ಎಂದು ಒತ್ತಬೇಕು. ಪರದೆಯ ಮೇಲೆ ‘ಕಾಯಿರಿ’ ಎಂದು ಬರುತ್ತದೆ. ಸರದಿ ಬಂದಾಗ ಲೋಡಿನ ವಿವರ ಬರುತ್ತದೆ, ಗೇಟು ತೆರೆಯುತ್ತದೆ. ಎಲ್ಲರ ಬಾಯಲ್ಲೂ ಅದು ‘ಸಿಸ್ಟಮ್ಮು’. ಮುಂಚೆ ಮೇಸ್ತ್ರಿಯೊಬ್ಬ ನಿಂತು ಗಾಡಿ ನಂಬರು ಕೂಗುತ್ತಿದ್ದಾಗ ಜಗಳವಿಲ್ಲದ ದಿನವೇ ಇರಲಿಲ್ಲವಂತೆ. ಸಿಸ್ಟಮ್ಮು ಬಂದ ಮೇಲೆ ಯಾರ ಜೊತೆ ಜಗಳವಾಡಬೇಕೆಂದು ಯಾರಿಗೂ ತಿಳಿಯದೆ ಟೆಂಪೊ ಸ್ಟ್ಯಾಂಡು ತಣ್ಣಗಾಗಿತ್ತು.

ಅದನ್ನು ಬರೆದವರು ಲೋಕೇಶಣ್ಣ. ಹೊಸಕೋಟೆ ಕಡೆಯವರು, ನಮ್ಮ ಹಾಗೇ ರಾಗಿ ಹೊಲದ ಮನೆಯವರು. ನಾನು ಬಿಸಿಎ ಮುಗಿಸಿ, ಮದುವೆಯಾಗಿ, ಕಲಿತದ್ದೆಲ್ಲ ಅರ್ಧ ಮರೆತ ಮೇಲೆ ಅವರ ಕೈಕೆಳಗೆ ಸೇರಿದವಳು. ನನ್ನ ಅಜ್ಞಾನಕ್ಕೆ ಅವರು ಒಂದು ದಿನವೂ ನಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಕನ್ನಡದಲ್ಲೇ ಹೇಳಿಕೊಟ್ಟರು. ವೇರಿಯಬಲ್ಲುಗಳಿಗೆ ಅವರು ಇಟ್ಟ ಹೆಸರುಗಳೂ ಕನ್ನಡದವೇ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು: ಗಾಡಿ, ಸರದಿ, ತೂಕ, ಮನೆ. ವೇರಿಯಬಲ್ಲು ಎಂದರೆ ಅಡುಗೆಮನೆಯ ಡಬ್ಬಿಯಂತೆ, ಹೊರಗೆ ಒಂದು ಹೆಸರು ಬರೆದಿರುತ್ತದೆ, ಒಳಗೆ ಏನು ತುಂಬಿದೆ ಎಂಬುದನ್ನು ಮುಚ್ಚಳ ತೆಗೆದೇ ನೋಡಬೇಕು.

“ನೋಡು ತಂಗಿ,” ಎನ್ನುತ್ತಿದ್ದರು ಲೋಕೇಶಣ್ಣ, “ಇನ್ನೊಬ್ರು ಬರೆದ ಕೋಡು ಕೈಗೆ ಬಂದ್ರೆ ಮೊದ್ಲೇ ಏನೂ ಮುಟ್ಬೇಡ. ಒಂದು ಹೆಸ್ರು ಹಿಡ್ಕೊ. ಅದನ್ನ ಎಲ್ಲಿ ತುಂಬ್ತಾರೆ, ಎಲ್ಲಿ ಸುಮ್ನೆ ಹೊತ್ಕೊಂಡು ಹೋಗ್ತಾರೆ, ಎಲ್ಲಿ ಅದನ್ನ ನೋಡ್ಕೊಂಡು ತೀರ್ಮಾನ ಮಾಡ್ತಾರೆ, ಹುಡುಕು. ದಾರೀಲಿ ಹೆಸ್ರು ಬದಲಾಗಿರುತ್ತೆ. ಬದಲಾಯ್ತು ಅಂತ ಬಿಟ್ಬಿಡಬೇಡ, ಹೊಸ ಹೆಸ್ರಿನ ಹಿಂದೆ ಹೋಗು.” ಈ ಪಾಠ ಹೇಳಿಕೊಟ್ಟವರು ಅವರೇ ಎಂಬುದನ್ನು ನಾನು ಬೇಕೆಂದೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಒಡಹುಟ್ಟಿದವರಿಲ್ಲ. ಗೌರಿ ಹಬ್ಬ ಬಂತೆಂದರೆ ಅಮ್ಮ, “ನಿಂಗೊಬ್ಬ ಅಣ್ಣ ಇದ್ದಿದ್ರೆ ಬಾಗಿನ ಹಿಡ್ಕೊಂಡು ಬರ್ತಿದ್ದ,” ಎಂದು ವರ್ಷಾ ವರ್ಷಾ ರಾಗ ಎಳೆಯುತ್ತಿದ್ದಳು. ನಾನು ಕೆಲಸಕ್ಕೆ ಸೇರಿದ ವರ್ಷದ ಹಬ್ಬಕ್ಕೆ ಲೋಕೇಶಣ್ಣ ಮೊರದಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ ಇಟ್ಟುಕೊಂಡು ನಮ್ಮ ಮನೆ ಬಾಗಿಲಿಗೆ ಬಂದುಬಿಟ್ಟರು. “ನಂಗೂ ತಂಗಿ ಇಲ್ಲ ಕಣಮ್ಮ,” ಎಂದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಅವತ್ತಿನಿಂದ ಅವರು ನನ್ನ ಗಂಡ ಚಂದ್ರುವನ್ನು ಭಾವ ಎಂದು ಕರೆಯತೊಡಗಿದರು.

ಚಂದ್ರು ತ್ಯಾಮಗೊಂಡ್ಲು ಕಡೆಯವರು. ಮದುವೆಯಾದ ಮೇಲೆ ನಮ್ಮಪ್ಪನ ಮನೆಯಲ್ಲೇ ಉಳಿದರು. ಬೇರೆಯವರ ಗಾಡಿ ಓಡಿಸಿ ಓಡಿಸಿ ಕಡೆಗೆ ಸ್ವಂತದ್ದೊಂದು ಟೆಂಪೊ ಮಾಡಿಕೊಂಡಿದ್ದರು. ಅದನ್ನು ಗೋಡೌನಿಗೆ ಹಚ್ಚಿಸಿದ್ದೂ ಲೋಕೇಶಣ್ಣನೇ. ಗೋಡೌನಿನ ಸ್ಟ್ಯಾಂಡಿನಲ್ಲಿ ಇದ್ದವರೆಲ್ಲ ಸುತ್ತಮುತ್ತಲ ಊರಿನವರು. ಅವರಿಗೆಲ್ಲ ಹಿರಿಯ ಗಂಗಪ್ಪ ಮಾವ, ನಮ್ಮಪ್ಪನ ಓರಗೆಯವರು. ಚಂದ್ರು ಹೋಗಿ ನಿಂತರೆ, “ಬನ್ನಿ ಅಳಿಯಂದಿರೇ, ಊಟ ಆಯ್ತಾ ಮಾವನ ಮನೇಲಿ?” ಎಂದು ಕಾಲೆಳೆಯುತ್ತಿದ್ದರು. ಚಂದ್ರು ನಗುತ್ತಿದ್ದರು, ಮನೆಗೆ ಬಂದು ಮುಖ ಊದಿಸಿಕೊಳ್ಳುತ್ತಿದ್ದರು.

‘ಮನೆ’ ಎಂಬ ಡಬ್ಬಿಯನ್ನು ಲೋಕೇಶಣ್ಣ ತುಂಬಿದ್ದು ನಮ್ಮ ಕಣ್ಣೆದುರಿಗೇ. ಒಂದು ಬೆಳಿಗ್ಗೆ ಸ್ಟ್ಯಾಂಡಿಗೆ ಇಳಿದು ಬಂದು, ಎಲ್ಲರೂ ಅವರವರ ಮನೆ ಯಾವ ಊರಲ್ಲಿದೆ ಹೇಳಿ ಎಂದರು. ಮನೆ ಹತ್ತಿರ ಇದ್ದವರಿಗೆ ಸಂಜೆ ಬೇಗ ಮನೆ ಸೇರುವ ಹಾಗೆ ಲೋಡು ಸಿಗುತ್ತದಂತೆ. ಅಷ್ಟು ಸಾಕಾಯಿತು. ಮಾದನಾಯಕನಹಳ್ಳಿಯಲ್ಲಿ ಬಾಡಿಗೆಗಿದ್ದವನು ಅರಿಶಿನಕುಂಟೆಯ ಸೋದರಮಾವನ ಮನೆ ಬರೆಸಿದ. ನಮ್ಮೂರಿನಲ್ಲಿ ಹೊಲವಿದ್ದರೂ ಸೊಂಡೆಕೊಪ್ಪದ ಆಚೆ ಮನೆ ಮಾಡಿಕೊಂಡಿದ್ದ ಗಂಗಪ್ಪ ಮಾವ, ಗೇಟಿನ ಹಿಂದೆಯೇ ಇದ್ದ ತಂಗಿಯ ಮನೆಯನ್ನು ತಮ್ಮದೆಂದು ಬರೆಸಿದರು. ಅವರ ತಂಗಿಯ ಗಂಡ ಅಲ್ಲೇ ನಿಂತಿದ್ದ, “ಹಂಗಾದ್ರೆ ನಾನೆಲ್ಲಿ ಮಲ್ಗದು ಭಾವ?” ಎಂದು ಕೇಳಿ ಎಲ್ಲರನ್ನೂ ನಗಿಸಿದ. ದೂರದ ಮನೆಯನ್ನು ಹತ್ತಿರ ತರಲು ಹೆಣಗದವರು ಒಬ್ಬರೂ ಇರಲಿಲ್ಲ. ಚಂದ್ರು ಮಾತ್ರ ನಿಜ ಹೇಳಿದರು. “ಅರಿಶಿನಕುಂಟೆ, ನಮ್ಮೂರು,” ಎಂದರು. ನಮ್ಮೂರು ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಕಾರ್ತಿಕದಲ್ಲಿ ಒಂದು ಗಲಾಟೆಯಾಯಿತು. ಸರಕು ಇಳಿಸುವ ಕಟ್ಟೆಯ ಹತ್ತಿರ ಲಾರಿ ಹಿಂದಕ್ಕೆ ಬಂದು ನಮ್ಮೂರ ಡ್ರೈವರೊಬ್ಬನ ಕಾಲು ಜಜ್ಜಿಹೋಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಫೀಸಿನವರು ಹಿಂದೆ ಮುಂದೆ ನೋಡಿದರು. ಸ್ಟ್ಯಾಂಡಿನವರು ಟೆಂಪೊಗಳನ್ನು ಗೇಟಿಗೆ ಅಡ್ಡ ನಿಲ್ಲಿಸಿದರು. ಇಡೀ ದಿನ ಒಂದು ಲಾರಿಯೂ ಒಳಗೆ ಹೋಗಲಿಲ್ಲ. ಚಂದ್ರು ತಮ್ಮ ಟೆಂಪೊವನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದರು. ಲೋಕೇಶಣ್ಣ ಮಹಡಿಯಿಂದ ಇಳಿದು ಬಂದು ಫ್ಲಾಸ್ಕಿನಿಂದ ಎಲ್ಲರಿಗೂ ಟೀ ಬಗ್ಗಿಸಿಕೊಟ್ಟು, “ನಾನು ನಿಮ್ ಕಡೆನೇ ಕಣ್ರಪ್ಪ,” ಎಂದರು. ಸಂಜೆಗೆ ಆಫೀಸಿನವರು ಆಸ್ಪತ್ರೆ ಖರ್ಚು ಒಪ್ಪಿದರು. ಗಂಗಪ್ಪ ಮಾವ ಚಂದ್ರುವಿನ ಹೆಗಲ ಮೇಲೆ ಕೈ ಹಾಕಿಕೊಂಡು ಮನೆತನಕ ಬಂದರು. ಅವತ್ತಿನಿಂದ ಯಾರೂ ಅಳಿಯಂದಿರೇ ಎನ್ನಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಲೋಡುಗಳು ತಪ್ಪತೊಡಗಿದವು. ಚಂದ್ರು ಎಲ್ಲರಿಗಿಂತ ಮೊದಲೇ ಹೋಗಿ ‘ಬಂದಿದ್ದೇನೆ’ ಒತ್ತುತ್ತಿದ್ದರು. ಹೊಸದಾಗಿ ಸೇರಿದ್ದ ಹೊಸಕೋಟೆ, ಹೆಸರಘಟ್ಟ ಕಡೆಯ ಟೆಂಪೊಗಳು ಬಿಸಿಲೇರಿದ ಮೇಲೆ ಬಂದು ಲೋಡು ತುಂಬಿಕೊಂಡು ಹೋಗುತ್ತಿದ್ದವು. ನಮ್ಮವರ ಮೊಬೈಲಿನಲ್ಲಿ ‘ಕಾಯಿರಿ’. ಮಧ್ಯಾಹ್ನದ ಹೊತ್ತಿಗೆ ಯಾರಿಗೂ ಬೇಡದ ಒಂದು ಸಣ್ಣ ಲೋಡು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಊರಿನವರೆಲ್ಲರದೂ ಅದೇ ಪಾಡು. ಆದರೂ ಯಾರಿಗೂ ಅನುಮಾನ ಬರಲಿಲ್ಲ. “ಸಿಸ್ಟಮ್ಮಲ್ವಾ, ಅದ್ಕೆ ಅವ್ರು ಇವ್ರು ಅಂತ ಏನ್ ಗೊತ್ತಾಗುತ್ತೆ,” ಎನ್ನುತ್ತಿದ್ದರು ಗಂಗಪ್ಪ ಮಾವ. “ನನ್ ಟೈಮೇ ಸರಿಯಿಲ್ಲ ಕಣೇ,” ಎನ್ನುತ್ತಿದ್ದರು ಚಂದ್ರು. ನಾನು ಲೋಕೇಶಣ್ಣನನ್ನು ಕೇಳಿದೆ. “ಎಲ್ಲಾ ಕಡೆ ಲೋಡ್ ಕಮ್ಮಿ ತಂಗಿ, ಮಳೆ ಶುರುವಾದ್ರೆ ಸರಿ ಹೋಗುತ್ತೆ,” ಎಂದರು. ನಾನು ಮನೆಗೆ ಬಂದು ಅದನ್ನೇ ಚಂದ್ರುವಿಗೆ ಹೇಳಿ ಸಮಾಧಾನ ಮಾಡಿದೆ.

ಮಳೆ ಶುರುವಾಯಿತು, ಲೋಡು ಸರಿಹೋಗಲಿಲ್ಲ. ಆಷಾಢದಲ್ಲಿ ಲೋಕೇಶಣ್ಣನಿಗೆ ಪಿಲ್ಲಗುಂಪೆಯಲ್ಲಿದ್ದ ಕಂಪನಿಯ ದೊಡ್ಡ ಗೋಡೌನಿಗೆ ಮುಖ್ಯಸ್ಥರಾಗಿ ಬಡ್ತಿಯಾಯಿತು. ಹೋಗುವ ದಿನ ಕೋಡನ್ನೆಲ್ಲ ನನಗೆ ಒಪ್ಪಿಸಿದರು. ಒಂದೊಂದು ಫೈಲನ್ನೂ ತೆರೆದು ತೋರಿಸಿ, ಸರದಿ ಎಂಬ ಹೆಸರಿನ ಫೈಲಿಗೆ ಬಂದಾಗ, “ಇದು ಹಳೇದು, ಮುಟ್ಬೇಡ. ಓಡ್ತಾ ಇದೆ, ಓಡ್ಲಿ,” ಎಂದರು. ಹಳೆಯ ಕೋಡಿನ ಬಗ್ಗೆ ಎಲ್ಲರೂ ಹಾಗೇ ಹೇಳುತ್ತಾರೆ. ನಾನು ತಲೆಯಾಡಿಸಿದೆ.

ಅದೇ ತಿಂಗಳು ಚಂದ್ರು ಟೆಂಪೊ ಮಾರುವ ಮಾತು ತೆಗೆದರು. ಕುಣಿಗಲ್ಲಿನವನೊಬ್ಬ ಬಂದು ಟೈರುಗಳನ್ನು ಒದ್ದು ನೋಡಿ ಹೋದ. ಗೌರಿ ಹಬ್ಬ ಆಗಲಿ, ಆಮೇಲೆ ಕೊಡುತ್ತೇನೆ ಎಂದು ಚಂದ್ರು ಅವನಿಗೆ ಮಾತು ಕೊಟ್ಟರು. ಅದು ಹೋದರೆ ಅವರು ಮತ್ತೆ ಇನ್ನೊಬ್ಬರ ಗಾಡಿ ಹತ್ತಬೇಕು. ಮಾವನ ಮನೆಯಲ್ಲಿ ಇರುವ ಗಂಡಸಿಗೆ ತನ್ನದು ಎಂದು ಹೇಳಿಕೊಳ್ಳಲು ಆ ಗಾಡಿ ಬಿಟ್ಟರೆ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ಅವರು ಅದನ್ನು ಒರೆಸುತ್ತಿದ್ದರು. ಆಫೀಸಿನಲ್ಲಿ ಕೂತೂ ಗಂಡನಿಗೆ ಏನೂ ಮಾಡಲಾಗದ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಶ್ರಾವಣದಲ್ಲಿ ಮ್ಯಾನೇಜರು ಒಂದು ಕೆಲಸ ಹೇಳಿದರು. ಡ್ರೈವರುಗಳ ವಿಳಾಸವನ್ನು ಊರು, ರಸ್ತೆ, ಪಿನ್ ಕೋಡು ಎಂದು ಬಿಡಿಬಿಡಿಯಾಗಿ ಇಡಬೇಕು. ಅಂದರೆ ‘ಮನೆ’ ಎಂಬ ಒಂದು ಡಬ್ಬಿ ತೆಗೆದು ಅದರ ಜಾಗದಲ್ಲಿ ಮೂರು ಇಡಬೇಕು. ತೆಗೆಯುವ ಮೊದಲು ಅದು ಎಲ್ಲೆಲ್ಲಿ ಬಳಕೆಯಾಗಿದೆ ಎಂದು ತಿಳಿಯಬೇಕಲ್ಲ. ಗುರುಗಳು ಹೇಳಿಕೊಟ್ಟ ಹಾಗೇ, ಏನನ್ನೂ ಮುಟ್ಟದೆ, ಹೆಸರು ಹಿಡಿದುಕೊಂಡು ಹೊರಟೆ. ಹೊರಗೆ ಜಿಟಿಜಿಟಿ ಮಳೆ, ಕೆಳಗೆ ಒದ್ದೆ ರಟ್ಟಿನ ವಾಸನೆ, ತಗಡಿನ ಚಾವಣಿಯ ಮೇಲೆ ಒಂದೇ ಸಮನೆ ಸದ್ದು.

ಹುಡುಕಿದ ತಕ್ಷಣ ಪರದೆ ತುಂಬ ಸಾಲುಗಳು ಬಂದವು. ತುಂಬುವ ಜಾಗ ಒಂದೇ, ಡ್ರೈವರು ಹೆಸರು ನೋಂದಾಯಿಸುವ ಪುಟ. ಹೊರುವ ಜಾಗಗಳು ಬೇಕಾದಷ್ಟಿದ್ದವು: ಲೋಡಿನ ಚೀಟಿಯ ಮೂಲೆಯಲ್ಲಿ ಅಚ್ಚಾಗುವುದು, ತಿಂಗಳ ವರದಿಯಲ್ಲಿ ಕಾಣುವುದು, ಗೇಟಿನವನ ಪರದೆಗೆ ಹೋಗುವುದು. ಒಂದೊಂದನ್ನೂ ನೋಡಿ, ನಿರುಪದ್ರವಿ ಎಂದು ಹಾಳೆಯ ಮೇಲೆ ಟಿಕ್ ಹಾಕಿಕೊಂಡೆ. ತೀರ್ಮಾನ ಮಾಡುವ ಜಾಗ ಒಂದೂ ಸಿಗಲಿಲ್ಲ. ಮನೆ ಹತ್ತಿರವಿದ್ದವರಿಗೆ ಸಂಜೆ ಬೇಗ ಮನೆ ಸೇರುವ ಲೋಡು ಎಂದಿದ್ದರಲ್ಲ, ಅದೂ ಎಲ್ಲೂ ಇರಲಿಲ್ಲ. ಬರೆಯುವುದು ಮರೆತಿರಬೇಕು ಎಂದುಕೊಂಡೆ. ಲೋಕೇಶಣ್ಣನ ಬಗ್ಗೆ ಆಗಲೂ ನನಗೆ ಒಳ್ಳೆಯದೇ ತೋಚಿತು.

ಒಂದು ಕಡೆ ಮಾತ್ರ ‘ಮನೆ’ ಒಳಗೆ ಹೋಗಿ ‘ದೂರ’ ಎಂಬ ಹೆಸರಿನಲ್ಲಿ ಹೊರಗೆ ಬರುತ್ತಿತ್ತು. ಊರಿನ ಹೆಸರು ಕೊಟ್ಟರೆ ಅದು ಗೇಟಿನಿಂದ ಎಷ್ಟು ದೂರ ಎಂದು ಲೆಕ್ಕ ಮಾಡಿಕೊಡುವ ಜಾಗ ಅದು. ಸರಿ, ‘ದೂರ’ದ ಹಿಂದೆ ಹೋದೆ. ಅದು ಇನ್ನೊಂದು ಫೈಲಿಗೆ ಹೋಗಿ ‘ತೂಕ’ವಾಗಿತ್ತು. ಗಂಡನ ಮನೆಗೆ ಹೋದ ಹುಡುಗಿಗೆ ಹೆಸರು ಬದಲಿಸುತ್ತಿದ್ದರಲ್ಲ ಹಿಂದೆ, ಹಾಗೆ. ತೂಕ ಎಂದರೆ ಲೋಡಿನ ತೂಕ ಎಂದೇ ಅಷ್ಟು ದಿನ ನಾನು ತಿಳಿದಿದ್ದೆ. ಲೋಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದನ್ನೂ ಬಿಡದೆ ಹಿಂಬಾಲಿಸಿದೆ. ‘ತೂಕ’ ಹೋಗಿ ನಿಂತದ್ದು, ಮುಟ್ಟಬೇಡ ಎಂದಿದ್ದ ಸರದಿ ಫೈಲಿನಲ್ಲಿ.

ಅಲ್ಲಿತ್ತು ತೀರ್ಮಾನದ ಸಾಲು. ಮನೆ ಗೇಟಿಗೆ ಹತ್ತಿರವಿದ್ದರೆ ಆ ಗಾಡಿಯನ್ನು ಸಾಲಿನ ಹಿಂದಕ್ಕೆ ತಳ್ಳು. ಎಷ್ಟು ಹತ್ತಿರವೋ ಅಷ್ಟು ಹಿಂದಕ್ಕೆ. ಯಾರು ಎಷ್ಟು ಬೇಗ ಬಂದು ಒತ್ತಿದರೂ ಅಷ್ಟೆ. ಕೋಡಿನ ಆ ಸಾಲಿನ ಪಕ್ಕ ಒಂದೇ ಒಂದು ಪದದ ಟಿಪ್ಪಣಿ ಇತ್ತು: ‘ಸದ್ಯಕ್ಕೆ’.

ನಂಬಲಾಗದೆ, ಕೋಡಿನ ಬೇರೊಂದು ಪ್ರತಿ ಮಾಡಿಕೊಂಡು ಅದರಲ್ಲಿ ಚಂದ್ರುವಿನ ಗಾಡಿ ನಂಬರು ಹಾಕಿ ಓಡಿಸಿದೆ. ಎಲ್ಲರಿಗಿಂತ ಮೊದಲು ಬಂದ ಗಾಡಿ ಕಡೆಯದಾಗಿ ನಿಂತಿತು. ಊರಿನ ಹೆಸರೊಂದನ್ನು ಅಳಿಸಿ ಹೊಸಕೋಟೆ ಎಂದು ಬರೆದು ಮತ್ತೆ ಓಡಿಸಿದೆ. ಮೊದಲು ನಿಂತಿತು. ನಮ್ಮೂರು ಎಂದು ಹೇಳಿದ್ದಕ್ಕೆ ಅವರಿಗೆ ಸಿಕ್ಕ ಬಹುಮಾನ ಅದು. ತಂಗಿಯ ಮನೆಯನ್ನು ತನ್ನದೆಂದು ಹಟ ಮಾಡಿ ಬರೆಸಿದ ಗಂಗಪ್ಪ ಮಾವ ನೆನಪಾಗಿ, ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ಸಾಲನ್ನು ಯಾರು, ಯಾವಾಗ ಬರೆದರು ಎಂಬುದು ಸಿಸ್ಟಮ್ಮಿನಲ್ಲಿ ಉಳಿದಿರುತ್ತದೆ. ತೆರೆದು ನೋಡಿದೆ. ಗೇಟು ತಡೆದ ದಿನದ ಮುಂದಿನ ವಾರ. ಬರೆದವರ ಹೆಸರಿನ ಜಾಗದಲ್ಲಿ ಲೋಕೇಶ್ ಎಂದು ಇರಲಿಲ್ಲ. ರತ್ನ ಎಂದಿತ್ತು. ರತ್ನ ಅಂದರೆ ನಾನು.

ಒಂದು ಗಳಿಗೆ ನನಗೆ ನನ್ನ ಮೇಲೇ ಅನುಮಾನ ಬಂತು. ಆಮೇಲೆ ನಿಧಾನವಾಗಿ ನೆನಪಾಯಿತು. ಆ ವಾರ ಒಂದು ಮಧ್ಯಾಹ್ನ ಲೋಕೇಶಣ್ಣ ನನ್ನ ಮೇಜಿನ ಹತ್ತಿರ ಬಂದು, “ನನ್ ಮಶೀನು ಯಾಕೋ ಸ್ಲೋ ಆಗಿದೆ, ಏಳು ತಂಗಿ, ಒಂಚೂರು ಕೂತ್ಕೋತೀನಿ,” ಎಂದಿದ್ದರು. ನಾನು ಎದ್ದು, ಅವರಿಗೆ ಕಾಫಿ ತರಲು ಹೋಗಿದ್ದೆ. ತಂದು ಪಕ್ಕದಲ್ಲಿಟ್ಟು, ಅವರ ಬೆರಳುಗಳು ಓಡುವ ವೇಗ ನೋಡುತ್ತಾ ಹಿಂದೆ ನಿಂತಿದ್ದೆ. ನನಗೂ ಹೀಗೆ ಬರೆಯಲು ಬರುವುದು ಯಾವಾಗಲೋ ಎಂದುಕೊಂಡಿದ್ದೆ. ಎಲ್ಲರೂ ಎಲ್ಲರ ಕುರ್ಚಿಯಲ್ಲಿ ಕೂರುತ್ತಿದ್ದ ಆಫೀಸು ಅದು. ಅಲ್ಲಿ ಕೂತು ನಮ್ಮ ಹೊಟ್ಟೆಗೇ ಕಲ್ಲು ಹಾಕುತ್ತಿದ್ದಾರೆ ಎಂದು ಯಾರು ಯೋಚಿಸುತ್ತಾರೆ? ನನ್ನ ಗಂಡನ ಅನ್ನಕ್ಕೆ ಮಣ್ಣು ಹಾಕುವವರಿಗೆ ನಾನೇ ಕಾಫಿ ಕೊಟ್ಟು ನಿಂತು ನೋಡಿದ್ದೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹಬ್ಬ ಹತ್ತಿರವಿತ್ತು, ಲೋಕೇಶಣ್ಣ ಬಂದೇ ಬರುತ್ತಾರೆ, ಮುಖ ನೋಡಿಕೊಂಡೇ ಕೇಳಬೇಕೆಂದು ಹಲ್ಲು ಕಚ್ಚಿಕೊಂಡಿದ್ದೆ. ಒಳಗೆ ಎಲ್ಲೋ ಒಂದು ಆಸೆಯೂ ಇತ್ತು. ಅವರು ಏನೋ ಒಂದು ಹೇಳುತ್ತಾರೆ, ಅದನ್ನು ಕೇಳಿ ನನಗೆ ಸಮಾಧಾನವಾಗುತ್ತದೆ ಎಂಬ ಆಸೆ.

ಗೌರಿ ಹಬ್ಬದ ದಿನ ಲೋಕೇಶಣ್ಣ ಪಿಲ್ಲಗುಂಪೆಯಿಂದ ಬಂದರು, ಮೊರ ಹಿಡಿದುಕೊಂಡೇ ಬಂದರು. ಅಮ್ಮ ಅದನ್ನು ಇಸಿದುಕೊಂಡು ಗೌರಿಯ ಮುಂದೆ ಇಟ್ಟಳು. ಚಂದ್ರು ಗಣೇಶನನ್ನು ತರಲು ನೆಲಮಂಗಲಕ್ಕೆ ಹೋಗಿದ್ದರು. ಅಮ್ಮ ಒಬ್ಬಟ್ಟಿನ ಕಾವಲಿಯ ಹತ್ತಿರ ಹೋದ ಮೇಲೆ ನಾನು ಪಡಸಾಲೆಯಲ್ಲಿ ಅವರ ಎದುರು ಕೂತೆ.

“ಅಣ್ಣಾ, ‘ಮನೆ’ ಹಿಂದೆ ಹೋದೆ,” ಎಂದೆ.

ಅವರು ನಕ್ಕರು. “ಎಲ್ಲೀವರ್ಗೂ ಹೋದೆ?”

“ಸರದಿ ಫೈಲಿನ ತನಕ.”

ನಗು ನಿಂತಿತು. “ಅದನ್ನ ಮುಟ್ಬೇಡ ಅಂದಿದ್ನಲ್ಲ ತಂಗಿ.”

“ಮುಟ್ಟಿಲ್ಲ. ಓದ್ದೆ.”

ಅವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, ಯಾವುದೋ ಪಾಠ ಹೇಳಿಕೊ‍ಡುವ ಹಾಗೇ ಹೇಳಿದರು. “ಒಂದಿನ ಗೇಟ್ ಮುಚ್ಚಿದ್ದಕ್ಕೆ ಮೇಲಿನವ್ರು ಹೆಂಗೆ ಕುಣಿದ್ರು ಅಂತ ನಿಂಗೊತ್ತಿಲ್ಲ. ಊರೋರನ್ನ ಕಮ್ಮಿ ಮಾಡು ಅಂದ್ರು. ಏಕ್ದಮ್ ತೆಗೆದ್ರೆ ಗಲಾಟೆ ಆಗುತ್ತೆ. ಲೋಡ್ ಸಿಗ್ದೆ ಅವ್ರೇ ಬೇಜಾರಾಗಿ ಬೇರೆ ಕಡೆ ಹೋಗ್ಲಿ ಅಂತ ಮಾಡಿದ್ದು. ನಾನು ಮಾಡ್ದೆ ಇದ್ರೆ ಇನ್ನೊಬ್ಬ ಮಾಡ್ತಿದ್ದ.”

“ಚಂದ್ರು ಗಾಡಿ ಮಾರ್ತಾ ಇದಾರೆ ಅಣ್ಣಾ. ನಿಮಗೆ ಗೊತ್ತಿತ್ತು.”

“ಭಾವಂಗೆ ಪಿಲ್ಲಗುಂಪೇಲಿ ನಾನು ಏನಾದ್ರೂ ನೋಡ್ತೀನಿ.”

“ನನ್ನ ಹೆಸ್ರಲ್ಲಿ ಯಾಕೆ ಬರೆದ್ರಿ?”

ಇದಕ್ಕೆ ಅವರು ತಡವರಿಸುತ್ತಾರೆ ಎಂದುಕೊಂಡಿದ್ದೆ. ತಡವರಿಸಲಿಲ್ಲ. ತುಂಬ ಯೋಚಿಸಿ ನನಗೊಂದು ಉಪಕಾರ ಮಾಡಿದವರ ಹಾಗೆ ಹೇಳಿದರು. “ನೀನು ಈ ಊರ ಮಗಳು ಕಣಮ್ಮ. ನಾಳೆ ಅವ್ರಿಗೆ ಗೊತ್ತಾದ್ರೂ ನಿನ್ ಮೇಲೆ ಕೈ ಮಾಡಲ್ಲ, ಒಂದ್ ಮಾತೂ ಅನ್ನಲ್ಲ. ಅದೇ ನನ್ ಹೆಸ್ರಿದ್ದಿದ್ರೆ ಗೇಟಲ್ಲೇ ನನ್ನ ಸಿಗಿದ್ ಹಾಕ್ತಿದ್ರು. ಅಣ್ಣ ಅಂತೀಯಲ್ಲ, ಅಷ್ಟು ಆಗಲ್ವಾ?”

ಎದ್ದು ಹೋಗಿ ಎನ್ನಬೇಕಿತ್ತು. ಅಷ್ಟರಲ್ಲಿ ಅಮ್ಮ ಎಲೆ ತಂದು ಹಾಕಿದಳು. ಒಬ್ಬಟ್ಟಿನ ಮೇಲೆ ಎರಡನೇ ಸಲ ತುಪ್ಪ ಬಡಿಸಿದಾಗಲೂ ಲೋಕೇಶಣ್ಣ ಬೇಡ ಎನ್ನಲಿಲ್ಲ. ಗಂಟಲಲ್ಲಿ ಹೇಗೆ ಇಳಿಯಿತೋ, ನಾನು ನೋಡುತ್ತಲೇ ಇದ್ದೆ, ಸಲೀಸಾಗಿ ಇಳಿಯಿತು. ಹೋಗುವಾಗ ಅಮ್ಮ ಅವರಿಗೆ ಒಬ್ಬಟ್ಟು ಕಟ್ಟಿಕೊಟ್ಟಳು.

ಸಂಜೆ ಚಂದ್ರುವನ್ನು ಕೂರಿಸಿಕೊಂಡು ಎಲ್ಲ ಹೇಳಿದೆ, ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವರಿಗೆ ಕೋಡು ಅರ್ಥವಾಗುವುದಿಲ್ಲ, ನನ್ನ ಹೆಸರು ಓದಲು ಬರುತ್ತದೆ. ಅದರ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. “ನೀನು ಮಾಡಿಲ್ಲ ಅಂತ ನಂಗೊತ್ತು,” ಎಂದರು ಕಡೆಗೆ. “ಆ ಸಾಲು ಕಿತ್ತಾಕು. ಸ್ಟ್ಯಾಂಡಲ್ಲಿ ಮಾತ್ರ ಹೇಳೋಕ್ ಹೋಗ್ಬೇಡ. ನನ್ ಥರ ‘ನಂಗೊತ್ತು’ ಅಂತ ಅವ್ರು ಅನ್ನಲ್ಲ.”

ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ದಿನ ಆಫೀಸಿಗೆ ಹೋದವಳೇ ಆ ಸಾಲು ತೆಗೆದೆ. ವಿಳಾಸ ಬದಲಿಸುವ ಕೆಲಸದ ಜೊತೆಗೇ ಅದೂ ಹೋಯಿತು, ಮ್ಯಾನೇಜರಿಗೆ ತಿಳಿಯುವಂತಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತೆ. ಊರಿನ ಟೆಂಪೊಗಳೆಲ್ಲ ಸ್ಟ್ಯಾಂಡಿನಲ್ಲಿದ್ದವು, ಹೊರಗಿನವೂ ಇದ್ದವು. ಇನ್ನು ಮೇಲೆ ಮೊದಲು ಬಂದವರಿಗೆ ಮೊದಲು. ನನಗೆ ಖುಷಿಯಾಗಿತ್ತು. ಮೊದಲು ಬರುವವರು ಯಾರು ಎಂದು ಆ ಖುಷಿಯಲ್ಲಿ ನಾನು ಯೋಚಿಸಿರಲಿಲ್ಲ.

ಮೊದಲು ಹೋಗಿ ಒತ್ತುತ್ತಿದ್ದವರು ಚಂದ್ರು. ಯಾವತ್ತೂ ಅವರೇ. ಅವರ ಮೊಬೈಲು ಸದ್ದು ಮಾಡಿತು. ತಿಂಗಳುಗಳಿಂದ ಊರಿನ ಒಂದು ಗಾಡಿಗೂ ಸಿಗದಿದ್ದ ಬೆಳಗಿನ ಮೊದಲ ಲೋಡು, ಯಶವಂತಪುರದ ದೊಡ್ಡ ಲೋಡು, ನನ್ನ ಗಂಡನಿಗೆ ಬಂತು. ಚಂದ್ರು ಗಾಡಿ ತೆಗೆಯದೆ ಅಲ್ಲೇ ನಿಂತರು. ಗೇಟಿನವನು ಅವರ ನಂಬರು ಕೂಗಿದ, ಇನ್ನೊಂದು ಸಲ ಕೂಗಿದ. ಬೇರೆ ದಾರಿಯಿಲ್ಲದೆ ಹೋದರು. ಸ್ಟ್ಯಾಂಡಿನವರು ಆ ಗಾಡಿ ಒಳಗೆ ಹೋಗುವುದನ್ನು ನೋಡಿದರು, ಆಮೇಲೆ ತಲೆಯೆತ್ತಿ ನನ್ನ ಕಿಟಕಿ ನೋಡಿದರು.

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಇಳಿದು ಹೋದೆ. ಟೀ ಅಂಗಡಿಯ ತಾರ್ಪಾಲಿನ ಕೆಳಗೆ ಎಲ್ಲರೂ ಇದ್ದರು. ನಡುವೆ ಬಾಯಿ ಹಾಕಲು ಯಾರಿಗೂ ಬಿಡದೆ ಪೂರ್ತಿ ಹೇಳಿದೆ. ಮನೆ ಹತ್ತಿರವಿದ್ದವರನ್ನು ಹಿಂದಕ್ಕೆ ತಳ್ಳಿದ ಸಾಲು, ಅದನ್ನು ಬರೆಸಿದವರು, ಬರೆದವರು, ಅದರ ಮುಂದೆ ಇರುವ ಹೆಸರು. ಯಾರೋ ಕಂಡುಹಿಡಿದು ಬಂದು ಹೇಳುವುದಕ್ಕಿಂತ ನಾನೇ ಹೇಳಿದರೆ ನಂಬುತ್ತಾರೆ ಎಂದುಕೊಂಡಿದ್ದೆ.

ಗಂಗಪ್ಪ ಮಾವ ಟೀ ಲೋಟ ಕೆಳಗಿಟ್ಟರು. “ಲೋಕೇಶಪ್ಪ ನಮಗೆ ಟೀ ತಂದ್ಕೊಟ್ಟೋನಲ್ವೇನಮ್ಮ,” ಎಂದರು.

“ಹೌದು ಮಾವ. ಅವ್ರೇ.”

“ಅವ್ನು ಬರೆದಿದ್ದು. ಹೆಸ್ರು ನಿಂದು.”

“ಹೌದು ಮಾವ. ನನ್ನ ಕುರ್ಚೀಲಿ ಕೂತು ಬರೆದ್ರು.”

“ಇವತ್ತು ಅದನ್ನ ತೆಗ್ದೋಳು ನೀನು.”

“ಹ್ಞೂಂ.”

“ತೆಗೆದ್ ತಕ್ಷಣ ಮೊದಲ್ನೇ ಲೋಡು ಚಂದ್ರುಗೆ.”

ನಾನು ಬಾಯಿ ತೆರೆದೆ. ಮೊದಲು ಬಂದವರು ಅವರು ಮಾವ, ದಿನಾ ಅವರೇ ಮೊದಲು ಬರುವುದು, ನಿಮಗೆ ಗೊತ್ತಲ್ಲ ಎಂದೆ. ನಿಜವನ್ನೇ ಹೇಳುತ್ತಿದ್ದೆ, ಅದು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಒಬ್ಬ ಮೊಬೈಲು ತೆಗೆದು ನೋಡತೊಡಗಿದ. ಇನ್ನೊಬ್ಬ ಟೀ ಅಂಗಡಿಯವನಿಗೆ ಲೋಟ ವಾಪಸು ಕೊಡಲು ಎದ್ದ. ಗಂಗಪ್ಪ ಮಾವ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. ಚಿಕ್ಕಂದಿನಲ್ಲಿ ಅವರ ಹೊಲದ ಅವರೆಕಾಯಿ ಕಿತ್ತು ಸಿಕ್ಕಿಬಿದ್ದಾಗ ಬಿಟ್ಟು ಕಳಿಸಿದ್ದರಲ್ಲ, ಅಷ್ಟೇ ಮೃದುವಾಗಿ ಹೇಳಿದರು.

“ಹೋಗಮ್ಮ, ಹೋಗು. ಮಳೆ ಬರೋ ಹಂಗಿದೆ. ನೀನು ನಮ್ಮೂರ ಮಗಳು, ನಿನ್ ಯಾರೇನಂದಾರು?”

ನಾನು ಹೋಗಲಿಲ್ಲ. ಯಾರಾದರೂ ಬೈಯಲಿ ಎಂದು ಅಲ್ಲೇ ನಿಂತೆ. ಬೈದರೆ ತಿರುಗಿ ಬೈಯಬಹುದಿತ್ತು, ಅತ್ತು ಕೂಗಾಡಿ ನಂಬಿಸಬಹುದಿತ್ತು. ಮಳೆ ಬಂತು. ಅವರೆಲ್ಲ ತಮ್ಮ ತಮ್ಮ ಗಾಡಿ ಹತ್ತಿ ಕೂತು ಗಾಜು ಏರಿಸಿಕೊಂಡರು.

ಟೆಂಪೊ ಉಳಿಯಿತು. ಕುಣಿಗಲ್ಲಿನವನಿಗೆ ಬೇಡ ಎಂದು ಹೇಳಿ ಕಳಿಸಿದೆವು. ಊರಿನ ಉಳಿದ ಗಾಡಿಗಳಿಗೂ ಲೋಡು ಸಿಗತೊಡಗಿತು. ಚಂದ್ರು ಮಾತ್ರ ಆ ಸ್ಟ್ಯಾಂಡಿಗೆ ಹೋಗಲಾರದೆ ದೀಪಾವಳಿಯ ಹೊತ್ತಿಗೆ ಗಾಡಿಯನ್ನು ದೊಡ್ಡಬಳ್ಳಾಪುರಕ್ಕೆ ಹಚ್ಚಿದರು, ನಾನೂ ಕೆಲಸ ಬಿಟ್ಟು ನೆಲಮಂಗಲದ ಒಂದು ಕಾಲೇಜಿನ ಆಫೀಸು ಸೇರಿದೆ. ಲೋಕೇಶಣ್ಣ ಪಿಲ್ಲಗುಂಪೆಯಲ್ಲಿ ಚೆನ್ನಾಗಿದ್ದಾರಂತೆ. ಅವರು ಹಾಕಿದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ನಮ್ಮೂರಿನಲ್ಲಿ ಒಬ್ಬರೂ ನನಗೆ ಒಂದು ಮಾತು ಅಂದಿಲ್ಲ. ಹೋದ ವಾರ ಆ ರಸ್ತೆಯಲ್ಲಿ ನಡೆದು ಬಂದಾಗಲೂ ಗಂಗಪ್ಪ ಮಾವ ನನಗೆ ದಾರಿ ಬಿಟ್ಟು, ನಾನು ದಾಟಿ ಹೋಗುವವರೆಗೆ ಪಕ್ಕಕ್ಕೆ ಸರಿದು ನಿಂತಿದ್ದರು.